‘ರಾಷ್ಟ್ರೀಯತೆ’ ಕಾಲಂನಲ್ಲಿ ಏನು ಬರೆಯಬೇಕು?

 

ವರದಿ ವರ್ಷದಲ್ಲಿ ಬಂದ ಅರ್ಜಿಗಳನ್ನು ನಮ್ಮ ಪರಿಶೀಲನಾ ಸಮಿತಿ ಒಂದೊಂದಾಗಿ ಓದಿದಾಗ ಒಂದು ಕಾಲಂ ನಮ್ಮನ್ನು ಮತ್ತೆ ಮತ್ತೆ ತಡೆದು ನಿಲ್ಲಿಸಿತು. ಅದು ‘ರಾಷ್ಟ್ರೀಯತೆ’. ಹೆಚ್ಚಿನವರು ಅಲ್ಲಿ ‘ಭಾರತೀಯ’ ಎಂದು ಬರೆದಿದ್ದರು. ಆದರೆ ಕೆಲವರು ‘ಮುಸ್ಲಿಂ’ ಎಂದು, ಕೆಲವರು ‘ಬ್ಯಾರಿ’ ಎಂದು, ಇನ್ನು ಕೆಲವರು ‘ಶೇಖ್’ ಎಂದು, ‘ಕರ್ನಾಟಕ’ ಎಂದು ಬರೆದಿದ್ದರು. ಗಲ್ಫ್‌ನಲ್ಲಿ ಹುಟ್ಟಿದ ಒಂದಿಬ್ಬರು ಮಕ್ಕಳು ತಾವು ಹುಟ್ಟಿದ ದೇಶದ ಹೆಸರನ್ನೇ ಬರೆದಿದ್ದರು. ಇವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಅರ್ಜಿ ಕೇಳಿದ್ದು ಒಂದು ಪ್ರಶ್ನೆ, ಅವರು ಉತ್ತರ ಕೊಟ್ಟದ್ದು ಇನ್ನೊಂದಕ್ಕೆ.

ನಮ್ಮ ಕಚೇರಿಯಲ್ಲಾದರೆ ಫೋನ್ ಮಾಡಿ ವಿಚಾರಿಸಿ ಸರಿಪಡಿಸುತ್ತೇವೆ. ಆನ್‌ಲೈನ್ ಅರ್ಜಿಗೆ ಆ ತಾಳ್ಮೆ ಇರುವುದಿಲ್ಲ. ಸೌದಿಯಲ್ಲಿ ಹುಟ್ಟಿ, ಏಳನೇ ತರಗತಿಗೆ ಊರಿಗೆ ಬಂದು ಇಲ್ಲೇ ಪಿಯುಸಿ ಮುಗಿಸಿದ ನಮ್ಮ ಒಬ್ಬ ವಿದ್ಯಾರ್ಥಿಯ ಪ್ರವೇಶ ಅರ್ಜಿಯಲ್ಲಿ ‘ರಾಷ್ಟ್ರೀಯತೆ’ಯ ಎದುರು ಸೌದಿ ಅರೇಬಿಯಾ ಎಂದು ಆಯ್ಕೆಯಾಗಿತ್ತು. ಅವನ ಕೈಯಲ್ಲಿದ್ದದ್ದು ಭಾರತದ ಪಾಸ್‌ಪೋರ್ಟ್. ಆದರೂ ಅರ್ಜಿ ಅವನನ್ನು ವಿದೇಶಿ ಅಭ್ಯರ್ಥಿಗಳ ಸಾಲಿಗೆ ಸೇರಿಸಿತು. ತಪ್ಪು ಕಣ್ಣಿಗೆ ಬೀಳುವಾಗ ತಿದ್ದುಪಡಿಯ ಅವಧಿ ಮುಗಿದಿತ್ತು. ಅಂಕ ಇದ್ದೂ ಆ ವರ್ಷ ಅವನಿಗೆ ಸೀಟು ತಪ್ಪಿತು. ಇದನ್ನು ಇಲ್ಲಿ ಬರೆಯಲು ನಮಗೆ ಸಂಕೋಚವಿದೆ, ಏಕೆಂದರೆ ಆ ಅರ್ಜಿ ತುಂಬಿಸಿದ್ದು ನಮ್ಮದೇ ಸಹಾಯ ಕೇಂದ್ರದಲ್ಲಿ. ‘ಎಲ್ಲಿ ಹುಟ್ಟಿದ್ದು?’ ಎಂದು ನಮ್ಮ ಸ್ವಯಂಸೇವಕರು ಕೇಳಿದರು, ಹುಡುಗ ಹೇಳಿದ, ಅವರು ಅದನ್ನೇ ಒತ್ತಿದರು. ಇನ್ನೊಂದು ಮಗುವಿಗೆ ಹೀಗಾಗಬಾರದು ಎಂಬ ಕಾರಣಕ್ಕೆ ಈ ಲೇಖನ.

ಎರಡು ಬೇರೆ ಪ್ರಶ್ನೆಗಳು

‘ನೀವು ಯಾರು?’ ಎಂಬುದು ಒಂದು ಪ್ರಶ್ನೆ. ಅದಕ್ಕೆ ಒಬ್ಬನೇ ಮನುಷ್ಯ ಹಲವು ಉತ್ತರ ಕೊಡಬಹುದು: ಮುಸ್ಲಿಂ, ಕನ್ನಡಿಗ, ಬ್ಯಾರಿ, ತುಳುನಾಡಿನವ, ಭಾರತೀಯ. ಇವು ಯಾವುವೂ ಒಂದನ್ನೊಂದು ಅಳಿಸುವುದಿಲ್ಲ. ‘ಯಾವ ದೇಶದ ಕಾನೂನು ನಿಮ್ಮನ್ನು ತನ್ನ ನಾಗರಿಕ ಎಂದು ಒಪ್ಪಿದೆ?’ ಎಂಬುದು ಎರಡನೇ ಪ್ರಶ್ನೆ. ಭಾರತದ ಕಾನೂನಿನಲ್ಲಿ ಇದಕ್ಕೆ ಒಂದೇ ಉತ್ತರ, ಯಾಕೆಂದರೆ ನಮ್ಮಲ್ಲಿ ದ್ವಿಪೌರತ್ವಕ್ಕೆ ಅವಕಾಶವಿಲ್ಲ. ಅರ್ಜಿಯ ‘ರಾಷ್ಟ್ರೀಯತೆ’ ಕಾಲಂ ಕೇಳುವುದು ಈ ಎರಡನೇ ಪ್ರಶ್ನೆಯನ್ನು ಮಾತ್ರ. ಅಲ್ಲಿ ಆ ಪದದ ಅರ್ಥ ಪೌರತ್ವ.

ಗೊಂದಲಕ್ಕೆ ನಮ್ಮ ಭಾಷೆಗಳೂ ಕಾರಣ. ಉರ್ದುವಿನಲ್ಲಿ ‘ಕೌಮ್’ ಎಂದರೆ ರಾಷ್ಟ್ರವೂ ಹೌದು, ಸಮುದಾಯವೂ ಹೌದು, ಕೆಲವು ಕಡೆ ಮಾತಿನಲ್ಲಿ ಜಾತಿ, ಮನೆತನವೂ ಹೌದು. ‘ಕೌಮಿಯತ್ ಏನು?’ ಎಂದು ಕೇಳಿದಾಗ ಹಿರಿಯರೊಬ್ಬರು ‘ಶೇಖ್’ ಎಂದರೆ ಅವರ ಲೆಕ್ಕದಲ್ಲಿ ಅದು ಸರಿಯಾದ ಉತ್ತರವೇ. ಸೌದಿಯಲ್ಲಿ ದುಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿನ ಇಕಾಮಾದಲ್ಲಿ ‘ಜಿನ್ಸಿಯ್ಯಾ’ ಬೇರೆ, ‘ದಿಯಾನಾ’ ಬೇರೆ. ಒಂದರ ಎದುರು ದೇಶ, ಇನ್ನೊಂದರ ಎದುರು ಧರ್ಮ. ಒಂದೇ ಕಾರ್ಡಿನಲ್ಲಿ ಭಾರತ ಎಂದೂ ಇಸ್ಲಾಂ ಎಂದೂ ಇರುತ್ತದೆ. ಒಂದು ಇನ್ನೊಂದಕ್ಕೆ ಅಡ್ಡ ಬಂದದ್ದಿಲ್ಲ.

ಈ ಪದ ಎಲ್ಲ ದೇಶಗಳಲ್ಲೂ ಒಂದೇ ಅರ್ಥದಲ್ಲಿ ಬಳಕೆಯಾಗಿಲ್ಲ ಎಂಬುದನ್ನೂ ಹೇಳಬೇಕು. 1932ರಲ್ಲಿ ಸೋವಿಯತ್ ಒಕ್ಕೂಟ ಆರಂಭಿಸಿದ ಆಂತರಿಕ ಪಾಸ್‌ಪೋರ್ಟಿನಲ್ಲಿ ‘ರಾಷ್ಟ್ರೀಯತೆ’ ಎಂದರೆ ಜನಾಂಗ: ರಷ್ಯನ್, ಉಜ್ಬೆಕ್, ತಾತಾರ್, ಯಹೂದಿ ಹೀಗೆ. ಪೌರತ್ವ ಎಲ್ಲರದ್ದೂ ಸೋವಿಯತ್ತೇ ಆಗಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2011ರ ಜನಗಣತಿ ಎರಡನ್ನೂ ಬೇರೆ ಬೇರೆಯಾಗಿಯೇ ಕೇಳಿತು. ರಾಷ್ಟ್ರೀಯ ಗುರುತಿನ ಪ್ರಶ್ನೆಗೆ ಇಂಗ್ಲಿಷ್, ವೆಲ್ಷ್, ಬ್ರಿಟಿಷ್ ಎಂದು ಒಂದಕ್ಕಿಂತ ಹೆಚ್ಚು ಗುರುತು ಹಾಕಬಹುದಿತ್ತು. ಯಾವ ದೇಶದ ಪಾಸ್‌ಪೋರ್ಟ್ ಇದೆ ಎಂಬುದು ಇನ್ನೊಂದು ಪ್ರಶ್ನೆ. ಉನ್ನತ ವ್ಯಾಸಂಗಕ್ಕೆ ಬ್ರಿಟನ್ನಿಗೆ ಹೋಗುವ ನಮ್ಮ ಮಕ್ಕಳು ವೀಸಾ ಅರ್ಜಿಯಲ್ಲಿ ಪೌರತ್ವ ಬರೆಯಬೇಕು. ಜನಾಂಗ, ಧರ್ಮ ಕೇಳುವ ಪ್ರತ್ಯೇಕ ಹಾಳೆ ಬಂದರೆ ಅದು ಬೇರೆ ಉದ್ದೇಶದ್ದು ಎಂದು ತಿಳಿಯಬೇಕು.

ನಮ್ಮ ಹಿರಿಯರಿಗೂ ಈ ಪ್ರಶ್ನೆ ಹೊಸದಾಗಿರಲಿಲ್ಲ. ದೇವಬಂದ್‌ನ ಮೌಲಾನಾ ಹುಸೈನ್ ಅಹ್ಮದ್ ಮದನಿಯವರು 1938ರಲ್ಲಿ ‘ಮುತ್ತಹಿದಾ ಕೌಮಿಯತ್ ಔರ್ ಇಸ್ಲಾಂ’ ಎಂಬ ಪುಸ್ತಕವನ್ನೇ ಬರೆದರು. ಒಂದೇ ನೆಲದಲ್ಲಿ ಬಾಳುವವರು ಧರ್ಮ ಬೇರೆಯಾದರೂ ಒಂದು ಕೌಮ್ ಆಗಬಲ್ಲರು, ಅದರಿಂದ ಈಮಾನಿಗೆ ಧಕ್ಕೆಯಿಲ್ಲ ಎಂಬುದು ಅವರ ವಾದ. ಎರಡು ವರ್ಷಗಳ ನಂತರ ರಾಮಗಢದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ ಭಾಷಣದಲ್ಲಿ ಮೌಲಾನಾ ಆಝಾದರು ತಾವು ಮುಸ್ಲಿಮರೆಂಬುದೂ ಭಾರತೀಯರೆಂಬುದೂ ಎರಡೂ ತಮಗೆ ಹೆಮ್ಮೆಯೆಂದು ಸಾರಿದರು. ‘ಭಾರತೀಯ’ ಎಂದು ಬರೆಯುವಾಗ ಕೈ ತಡೆಯುವ ಮಕ್ಕಳಿಗೆ ಈ ಇಬ್ಬರ ಹೆಸರನ್ನು ನಾವು ಹೇಳುತ್ತೇವೆ.

ಕಾನೂನು ಏನು ಹೇಳುತ್ತದೆ?

ಸಂವಿಧಾನದ 5ರಿಂದ 11ನೇ ವಿಧಿಗಳು ಮತ್ತು 1955ರ ಪೌರತ್ವ ಕಾಯ್ದೆ ಇದಕ್ಕೆ ಆಧಾರ. ಭಾರತದಲ್ಲಿ ಹುಟ್ಟಿದವರಿಗೆ ಹುಟ್ಟಿದ ದಿನಾಂಕದ ಮೇಲೆ ಮೂರು ನಿಯಮಗಳಿವೆ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಇಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಹುಟ್ಟಿನಿಂದಲೇ ನಾಗರಿಕರು. 1987ರ ಜುಲೈ 1ರಿಂದ 2004ರ ಡಿಸೆಂಬರ್ 2ರವರೆಗೆ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯ ನಾಗರಿಕರಾಗಿರಬೇಕು. 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ಇಬ್ಬರೂ ನಾಗರಿಕರಾಗಿರಬೇಕು, ಅಥವಾ ಒಬ್ಬರು ನಾಗರಿಕರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಈಗ ಕಾಲೇಜು ಸೇರುತ್ತಿರುವ ಬಹುಪಾಲು ಮಕ್ಕಳು ಈ ಮೂರನೇ ನಿಯಮದ ಕೆಳಗೆ ಬರುತ್ತಾರೆ. ಆದ್ದರಿಂದ ಮಗುವಿನ ಜನನ ಪ್ರಮಾಣಪತ್ರದ ಜೊತೆಗೆ ತಂದೆ ತಾಯಿಯರ ದಾಖಲೆಗಳನ್ನೂ ಜೋಪಾನವಾಗಿಡಿ. ಹೆಸರಿನ ಅಕ್ಷರಗಳು ಎಲ್ಲದರಲ್ಲೂ ಒಂದೇ ರೀತಿ ಇರಲಿ.

ಹೊರದೇಶದಲ್ಲಿ ಹುಟ್ಟಿದ ಮಕ್ಕಳ ವಿಷಯ ಬೇರೆ. ಗಲ್ಫ್ ದೇಶಗಳಲ್ಲಿ ಹುಟ್ಟಿದ ಮಾತ್ರಕ್ಕೆ ನಮ್ಮ ಮಕ್ಕಳಿಗೆ ಆ ದೇಶದ ಪೌರತ್ವ ಸಿಗುವುದಿಲ್ಲ. ತಂದೆ ತಾಯಿಯ ಮೂಲಕ ಬರುವ ಭಾರತದ ಪೌರತ್ವವೇ ಅವರದು. ಆದರೆ 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ಒಂದು ಷರತ್ತಿದೆ: ಹುಟ್ಟಿದ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್‌ನಲ್ಲಿ ಜನನ ನೋಂದಣಿಯಾಗಬೇಕು. ತಡವಾದರೆ ಕೇಂದ್ರ ಸರಕಾರದ ಅನುಮತಿ ಬೇಕಾಗುತ್ತದೆ. ಆ ನೋಂದಣಿ ಪತ್ರ ಪಾಸ್‌ಪೋರ್ಟಿನಷ್ಟೇ ಮುಖ್ಯ, ಕಳೆದುಕೊಳ್ಳಬೇಡಿ. ಇಂಥ ಮಕ್ಕಳು ‘ಜನ್ಮಸ್ಥಳ’ದ ಎದುರು ದಮ್ಮಾಮ್, ದುಬೈ, ಮಸ್ಕತ್ ಎಂದು ಬರೆಯಲಿ. ‘ರಾಷ್ಟ್ರೀಯತೆ’ಯ ಎದುರು ‘ಭಾರತೀಯ’ ಎಂದೇ ಬರೆಯಲಿ. ಪಾಸ್‌ಪೋರ್ಟಿನಲ್ಲಿಯೂ ಇವೆರಡು ಬೇರೆ ಬೇರೆ ಸಾಲುಗಳಲ್ಲಿವೆ. ಸಂದೇಹ ಬಂದರೆ ಅದನ್ನೇ ನೋಡಿ ಬರೆಯಿರಿ.

ಯಾವ ಮಾತು ಯಾವ ಕಾಲಂಗೆ?

‘ಮುಸ್ಲಿಂ’ ಎಂಬುದು ಧರ್ಮದ ಕಾಲಂಗೆ ಸೇರಿದ್ದು. ‘ಅಲ್ಪಸಂಖ್ಯಾತ ಸಮುದಾಯವೇ?’ ಎಂದು ಕೇಳಿದ್ದರೆ ‘ಹೌದು’ ಎನ್ನಬೇಕು. 1992ರ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗ ಕಾಯ್ದೆಯಡಿ ಅಧಿಸೂಚಿತವಾದ ಸಮುದಾಯಗಳಲ್ಲಿ ಮುಸ್ಲಿಮರೂ ಸೇರಿದ್ದಾರೆ. ಜಾತಿ, ಪ್ರವರ್ಗದ ಕಾಲಂನಲ್ಲಿ ನಾಡಕಚೇರಿಯ ಪ್ರಮಾಣಪತ್ರದಲ್ಲಿ ಏನಿದೆಯೋ ಅದನ್ನೇ ಬರೆಯಿರಿ. ಅದರ ಆರ್‌ಡಿ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ಅರ್ಜಿ ಮುಂದೆ ಹೋಗುವುದಿಲ್ಲ. ಬ್ಯಾರಿ, ಉರ್ದು, ನವಾಯತಿ ಇವು ಮಾತೃಭಾಷೆಯ ಕಾಲಂಗೆ. ‘ಕರ್ನಾಟಕ’ ಎಂಬುದು ವಾಸಸ್ಥಳದ ಕಾಲಂಗೆ. ರಾಜ್ಯಕ್ಕೆ ಬೇರೆ ಪೌರತ್ವ ಇಲ್ಲ. ದೇಶಕ್ಕೆಲ್ಲ ಒಂದೇ ಪೌರತ್ವ.

ಆಧಾರ್ ಇದ್ದರೆ ಎಲ್ಲ ಮುಗಿಯಿತು ಎಂದು ಅನೇಕರು ಭಾವಿಸಿದ್ದಾರೆ. 2016ರ ಆಧಾರ್ ಕಾಯ್ದೆಯ 9ನೇ ಕಲಮು ಸ್ಪಷ್ಟವಾಗಿ ಹೇಳುವಂತೆ ಆಧಾರ್ ಸಂಖ್ಯೆಯೇ ಪೌರತ್ವಕ್ಕೆ ಅಥವಾ ವಾಸಸ್ಥಳಕ್ಕೆ ಪುರಾವೆಯಲ್ಲ. ಅದು ಗುರುತಿನ ದಾಖಲೆ. ಇದನ್ನು ಓದಿ ಹೆದರಬೇಕಾಗಿಲ್ಲ. ಜನನ ಪ್ರಮಾಣಪತ್ರ, ಶಾಲಾ ದಾಖಲಾತಿ, ತಂದೆ ತಾಯಿಯರ ದಾಖಲೆ, ಇದ್ದರೆ ಪಾಸ್‌ಪೋರ್ಟ್, ಇವನ್ನೆಲ್ಲ ಒಂದೇ ಫೈಲಿನಲ್ಲಿ ಇಡಿ ಎಂಬುದಷ್ಟೇ ನಮ್ಮ ವಿನಂತಿ.

ದಾನಿಗಳಲ್ಲಿ ಒಂದು ಮನವಿ

ಇದೇ ಕಾಲಂ ನಮ್ಮ ದಾನಿಗಳ ಅರ್ಜಿಯಲ್ಲೂ ಇದೆ. ಅಲ್ಲಿನ ತಪ್ಪು ಒಂದು ಮಗುವಿಗಲ್ಲ, ಇಡೀ ಟ್ರಸ್ಟಿಗೆ ತಟ್ಟುತ್ತದೆ. 2010ರ ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆಯ ಪ್ರಕಾರ ವಿದೇಶದಲ್ಲಿ ದುಡಿಯುತ್ತಿದ್ದರೂ ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ವಂತಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ವಂತಿಗೆ. ಅವರು ಹುಟ್ಟಿದ್ದು ನಮ್ಮ ಊರಿನಲ್ಲೇ ಆಗಿರಲಿ, ಕೈಯಲ್ಲಿ ಒಸಿಐ ಕಾರ್ಡ್ ಇರಲಿ, ಕಾನೂನು ಬದಲಾಗುವುದಿಲ್ಲ. ಹೆಸರಿನಲ್ಲಿ ‘ನಾಗರಿಕ’ ಎಂದಿದ್ದರೂ ಒಸಿಐ ಪೌರತ್ವವಲ್ಲ, ಅದಕ್ಕೆ ಮತದಾನದ ಹಕ್ಕೂ ಇಲ್ಲ. ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ಕೂಡಲೇ ಭಾರತದ ಪೌರತ್ವ ಕೊನೆಯಾಗುತ್ತದೆ.

ಈ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಸ್ಥೆ ವಿದೇಶಿ ವಂತಿಗೆ ಪಡೆಯುವಂತಿಲ್ಲ. ನಮಗೆ ಸದ್ಯ ಅದಿಲ್ಲ. ಈ ವರ್ಷ ನಮ್ಮೂರಿನ ಮೂಲದ ಹಿರಿಯರೊಬ್ಬರು ಬಡ ಮಕ್ಕಳ ಶುಲ್ಕಕ್ಕೆಂದು ದೊಡ್ಡ ಮೊತ್ತ ಕೊಡಲು ಮುಂದೆ ಬಂದರು. ಅರ್ಜಿಯಲ್ಲಿ ‘ಭಾರತೀಯ’ ಎಂದಿತ್ತು. ಮಾತನಾಡುತ್ತ ಹೋದಂತೆ ಅವರು ಕೆಲವು ವರ್ಷಗಳ ಹಿಂದೆಯೇ ಕೆನಡಾದ ಪೌರತ್ವ ಪಡೆದದ್ದು ತಿಳಿಯಿತು. ‘ನಾನು ಇನ್ನೇನು ಬರೆಯಲಿ? ನನ್ನ ಖಬರಸ್ಥಾನ ಅಲ್ಲೇ ಇರುವುದು’ ಎಂದರು. ಅವರ ಮಾತು ನಿಜ. ಆದರೂ ಆ ಹಣವನ್ನು ನಾವು ಪಡೆಯಲಿಲ್ಲ. ಪಡೆಯದೆ ಇದ್ದದ್ದಕ್ಕೆ ಅವರು ಬೇಸರಿಸಿದರೂ, ಕಾರಣ ಕೇಳಿದ ಮೇಲೆ ದುಆ ಮಾಡಿದರು. ಅವರ ನಿಯ್ಯತ್ತಿನ ಪ್ರತಿಫಲ ಅಲ್ಲಾಹನ ಬಳಿಯಿದೆ. ದಯವಿಟ್ಟು ಈ ಕಾಲಂನಲ್ಲಿ ನಿಮ್ಮ ಮನಸ್ಸಿನ ದೇಶವನ್ನಲ್ಲ, ಪಾಸ್‌ಪೋರ್ಟಿನ ದೇಶವನ್ನು ಬರೆಯಿರಿ.

ಈ ಸಾಲಿನ ಬದಲಾವಣೆಗಳು

ನಮ್ಮ ಹಳೆಯ ಅರ್ಜಿಯಲ್ಲಿ ‘ನ್ಯಾಶನಾಲಿಟಿ’ ಎಂಬ ಒಂದೇ ಪದವಿತ್ತು. ಗೊಂದಲ ಹುಟ್ಟಿಸಿದ್ದರಲ್ಲಿ ನಮ್ಮ ಪಾಲೂ ಇದೆ. ಹೊಸ ಅರ್ಜಿಯಲ್ಲಿ ‘ಪೌರತ್ವ (ಪಾಸ್‌ಪೋರ್ಟ್ ಇದ್ದರೆ ಅದರಲ್ಲಿರುವಂತೆ)’ ಎಂದು ಬದಲಿಸಿದ್ದೇವೆ. ಜನ್ಮಸ್ಥಳ, ಧರ್ಮ, ಮಾತೃಭಾಷೆ, ವಾಸಸ್ಥಳಗಳಿಗೆ ಪ್ರತ್ಯೇಕ ಸಾಲುಗಳಿವೆ. ಸಹಾಯ ಕೇಂದ್ರದಲ್ಲಿ ತುಂಬಿಸಿದ ಪ್ರತಿ ಆನ್‌ಲೈನ್ ಅರ್ಜಿಯ ಮುದ್ರಿತ ಪ್ರತಿಯನ್ನು ವಿದ್ಯಾರ್ಥಿಗೆ ಓದಿ ಹೇಳಿ, ಸಹಿ ಪಡೆದ ನಂತರವೇ ಸಲ್ಲಿಸುತ್ತೇವೆ. ಸೀಟು ತಪ್ಪಿದ ಆ ವಿದ್ಯಾರ್ಥಿಯ ಈ ವರ್ಷದ ಶುಲ್ಕವನ್ನು ಟ್ರಸ್ಟ್ ವಹಿಸಿಕೊಂಡಿದೆ. ಹೋದ ವರ್ಷವನ್ನು ಮಾತ್ರ ಹಿಂದಕ್ಕೆ ಕೊಡಲು ನಮ್ಮಿಂದಾಗದು.

ಕೊನೆಯದಾಗಿ, ಅರ್ಜಿ ಕೊಡುವ ದಿನ ಕಚೇರಿಗೆ ಬಂದ ಉಮ್ಮ ಒಬ್ಬರು ಮಗಳ ಅರ್ಜಿಯಲ್ಲಿ ‘ಭಾರತೀಯ ಮುಸ್ಲಿಂ’ ಎಂದು ಬರೆದಿದ್ದರು. ‘ಎರಡನೆಯದನ್ನು ಹೊಡೆದು ಹಾಕಬೇಕಾ?’ ಎಂದು ಮೆಲ್ಲನೆ ಕೇಳಿದರು. ಆ ದನಿಯಲ್ಲಿದ್ದ ಅಂಜಿಕೆ ನಮಗೆ ಇನ್ನೂ ನೆನಪಿದೆ. ‘ಹೊಡೆದು ಹಾಕುವುದು ಬೇಡ ಉಮ್ಮಾ, ಅದಕ್ಕೆ ಕೆಳಗೆ ಬೇರೆ ಜಾಗ ಇದೆ’ ಎಂದು ಹೊಸ ಹಾಳೆ ಕೊಟ್ಟೆವು. ಅವರು ಮಗಳ ಕೈಯಲ್ಲಿ ಎರಡನ್ನೂ ಅದರದರ ಜಾಗದಲ್ಲಿ ಬರೆಸಿ, ಒಮ್ಮೆ ಓದಿಸಿ ಕೇಳಿ, ಸಹಿ ಹಾಕಿ ಕೊಟ್ಟರು.

ಅರ್ಜಿ ತುಂಬುವಾಗ ಏನೇ ಸಂದೇಹ ಬಂದರೂ ಸಲ್ಲಿಸುವ ಮೊದಲೇ ಕಚೇರಿಗೆ ಬನ್ನಿ. ಅಲ್ಲಾಹನು ನಿಮ್ಮ ದಾನವನ್ನೂ ನಮ್ಮ ಮಕ್ಕಳ ಶ್ರಮವನ್ನೂ ಸ್ವೀಕರಿಸಲಿ. ಆಮೀನ್.