ಅಪ್ಪಾಜಿ ಬೋರಿಗೆ ನೀರಿಲ್ಲ, ನನ್ನ ಬೋರಿಗೆ ನೀರು ಬೇಡ!

"ಎಷ್ಟು ಇಂಚು ನೀರು ಬಿತ್ತು?"

2023ರ ಅಕ್ಟೋಬರ್‌ನಲ್ಲಿ ಸಾಸ್ವೆಹಳ್ಳಿಯಿಂದ ವಿಡಿಯೋ ಕಾಲ್ ಮಾಡಿದ ಅಪ್ಪಾಜಿ ಕೇಳಿದ ಮೊದಲ ಪ್ರಶ್ನೆ ಇದು. ನಾನಿದ್ದದ್ದು ಸ್ವೀಡನ್ನಿನ ಸ್ಟಾಕ್‌ಹೋಮ್ ಪಕ್ಕದ ಸೊಲೆಂತೂನಾದಲ್ಲಿ. ನನ್ನ ಬೆನ್ನ ಹಿಂದೆ ಮನೆ ಅಂಗಳದಲ್ಲಿ ಬೋರ್ ಲಾರಿ ನಿಂತು ಸದ್ದು ಮಾಡ್ತಿತ್ತು.

"ನೀರು ಬೇಡ ಅಪ್ಪಾಜಿ, ಬಿಸಿ ಬೇಕು."

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಮೂರು ವಾರದ ಹಿಂದಷ್ಟೇ ಅವರು ನಮ್ಮ ಅಡಿಕೆ ತೋಟದಲ್ಲಿ 620 ಅಡಿ ಕೊರೆಸಿ ಬರೀ ಧೂಳು ನೋಡಿದ್ದರು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ತುಂಗಭದ್ರೆ ಹತ್ತಿರದಲ್ಲೇ ಹರೀತಾಳೆ, ಕೆರೆ ತುಂಬಿಸೋ ಏತ ನೀರಾವರಿ ಯೋಜನೆಗೆ ನಮ್ಮೂರಿನ ಹೆಸರೇ ಇದೆ. ಆದರೂ ನಮ್ಮ ತೋಟಕ್ಕೆ ಬೋರೇ ಗತಿ. ಹೀಗಿರುವಾಗ ಮಗ ಪರದೇಶದಲ್ಲಿ ಅಷ್ಟೇ ಆಳ ಕೊರೆಸಿ "ನೀರು ಬೇಡ" ಅಂದರೆ ಹೇಗಾಗಬೇಡ?

ನಾವು ಕೊಂಡಿದ್ದು 1970ರ ದಶಕದ ಮನೆ. ಕರೆಂಟಿನ ಬಾಯ್ಲರ್ ನೀರು ಕಾಯಿಸಿ ಪ್ರತಿ ಕೋಣೆಯ ರೇಡಿಯೇಟರ್‌ಗೆ ಕಳಿಸುತ್ತಿತ್ತು. ಮನೆ ಬೆಚ್ಚಗಿಡೋದಕ್ಕೆ, ಸ್ನಾನಕ್ಕೆ ಸೇರಿ ವರ್ಷಕ್ಕೆ 20,000 ಯೂನಿಟ್. 2022ರ ಡಿಸೆಂಬರ್‌ನಲ್ಲಿ ಯುರೋಪಿನಲ್ಲೆಲ್ಲ ಕರೆಂಟ್ ದರ ಏರಿದಾಗ ಬಂದ ಬಿಲ್ ನೋಡಿ, ಮನೆಯೊಳಗೂ ಜಾಕೆಟ್ ಹಾಕ್ಕೊಂಡು ಓಡಾಡೋಕೆ ಶುರು ಮಾಡಿದ್ವಿ. ಮುಂದಿನ ವರ್ಷ ಹೆಂಡತಿ ಗರ್ಭಿಣಿ, ಹೆರಿಗೆ ಡಿಸೆಂಬರ್‌ನಲ್ಲೇ ಅಂತ ಗೊತ್ತಾಯ್ತು. ಹೀಟ್ ಪಂಪ್ ಹಾಕಿಸಲೇಬೇಕು ಅಂತ ತೀರ್ಮಾನಿಸಿದ್ದು ಆಗಲೇ.

ಫ್ರಿಜ್‌ನ ಹಿಂಭಾಗ ಮುಟ್ಟಿ ನೋಡಿ, ಬೆಚ್ಚಗಿರುತ್ತೆ. ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುವ ಕೆಲಸ ಅದು. ಹೀಟ್ ಪಂಪ್ ಕೂಡ ಅಷ್ಟೇ, ಹೊರಗಿನ ಶಾಖವನ್ನು ಎತ್ತಿ ಮನೆಯೊಳಗೆ ಹಾಕುತ್ತೆ. ಊರಿನ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಗರಿ ತುರುಕಿ ನಾವು ಶಾಖ ಹುಟ್ಟಿಸ್ತೀವಿ. ಇದು ಇರೋ ಶಾಖವನ್ನು ಸಾಗಿಸುತ್ತೆ ಅಷ್ಟೇ. ಹಾಗಾಗಿ 1 ಯೂನಿಟ್ ಕರೆಂಟಿಗೆ 3ರಿಂದ 4 ಯೂನಿಟ್ ಶಾಖ ಸಿಗುತ್ತೆ. ಹೊರಗೆ ಮೈನಸ್ 15 ಇದ್ದಾಗಲೂ ಈ ಭಾಗದಲ್ಲಿ ನೆಲದ ಆಳದ ಬಂಡೆ 7-8 ಡಿಗ್ರಿಯಲ್ಲೇ ಇರುತ್ತೆ. ಬೋರಿಗೆ U ಆಕಾರದ ಪ್ಲಾಸ್ಟಿಕ್ ಪೈಪ್ ಇಳಿಸಿ, ಹೆಪ್ಪುಗಟ್ಟದ ಹಾಗೆ ಆಲ್ಕೋಹಾಲ್ ಬೆರೆಸಿದ ನೀರನ್ನು ಅದರಲ್ಲಿ ಸುತ್ತಿಸ್ತಾರೆ. ಆ ನೀರು ಬಂಡೆಯಿಂದ ಹೊತ್ತು ತಂದ ಶಾಖವನ್ನು ಕಂಪ್ರೆಸರ್ 45-50 ಡಿಗ್ರಿಗೆ ಏರಿಸುತ್ತೆ. 1973ರ ತೈಲ ಬಿಕ್ಕಟ್ಟಿನ ನಂತರ ಸ್ವೀಡನ್ನಿನವರು ಎಣ್ಣೆ ಬಾಯ್ಲರ್ ಬಿಟ್ಟು ಈ ದಾರಿ ಹುಡುಕಿದರು. ಈಗ ಲಕ್ಷಗಟ್ಟಲೆ ಮನೆಗಳ ಅಂಗಳದಲ್ಲಿ ಇಂಥ ಬೋರ್‌ಗಳಿವೆ.

ಮೂರು ಕಡೆ ಕೊಟೇಶನ್ ಕೇಳಿದೆ. ಮೊದಲನೆಯವರು ಫೋನಲ್ಲೇ "140 ಮೀಟರ್ ಸಾಕು" ಅಂದರು, ರೇಟೂ ಕಮ್ಮಿ. ಎರಡನೆಯವರು ಬಂದು ಹತ್ತು ನಿಮಿಷ ಮನೆ ನೋಡಿ, ದೊಡ್ಡ ಮೆಷಿನ್‌ನ ಬ್ರೋಷರ್ ಕೊಟ್ಟು ಹೋದರು. ಮೂರನೆಯದಾಗಿ ಬಂದ ಮಹಿಳೆ ಮಾತ್ರ ಎರಡೂವರೆ ಗಂಟೆ ಕೂತರು. ಎರಡು ವರ್ಷದ ಬಿಲ್ ಕೇಳಿದರು, ಪ್ರತಿ ರೇಡಿಯೇಟರ್ ಅಳೆದರು, ಏಣಿ ಹಾಕಿ ಅಟ್ಟ ಹತ್ತಿದರು. ಕೆಳಗಿಳಿದು ಬಂದು ಹೇಳಿದ್ದು: "ಮೊದಲು ಅಟ್ಟಕ್ಕೆ ಇನ್ನೊಂದಷ್ಟು ಇನ್ಸುಲೇಷನ್ ಹಾಕಿಸಿ. ಆಗ 8 ಕಿಲೋವಾಟ್ ಮೆಷಿನ್ ಸಾಕಾಗುತ್ತೆ. ಬೋರ್ ಮಾತ್ರ 180 ಮೀಟರ್ ಇರಲಿ."

ಯಾಕೆ ಅಂತ ಕೇಳಿದ್ದಕ್ಕೆ ಪೇಪರ್ ತಗೊಂಡು ಲೆಕ್ಕ ಬರೆದರು. 8 ಕಿಲೋವಾಟ್ ಶಾಖದಲ್ಲಿ ಸುಮಾರು 6 ಬಂಡೆಯಿಂದ ಬರಬೇಕು. ಒಂದು ಮೀಟರ್ ಬೋರ್ ಆರಾಮಾಗಿ ಕೊಡೋದು 30ರಿಂದ 40 ವಾಟ್. ಅದೂ ಅಂತರ್ಜಲ ತುಂಬಿರೋ ಭಾಗ ಮಾತ್ರ, ಮೇಲಿನ ಒಣ ಭಾಗ ಲೆಕ್ಕಕ್ಕಿಲ್ಲ. ಬೋರ್ ಗಿಡ್ಡ ಆದರೆ ಮೊದಲ ವರ್ಷ ಏನೂ ಗೊತ್ತಾಗಲ್ಲ. ಬಂಡೆ ವರ್ಷದಿಂದ ವರ್ಷಕ್ಕೆ ತಣ್ಣಗಾಗ್ತಾ ಹೋಗಿ, ಕಡೆಗೆ ಬೋರೊಳಗಿನ ನೀರು ಹೆಪ್ಪುಗಟ್ಟಿ ಪೈಪನ್ನೇ ಹಿಸುಕಬಹುದು. ಇನ್ನು ಮೆಷಿನ್ ವಿಪರೀತ ದೊಡ್ಡದಾದರೆ ಆಗಾಗ ಆನ್-ಆಫ್ ಆಗಿ ಕಂಪ್ರೆಸರ್ ಬೇಗ ಸವೆಯುತ್ತೆ. ಕೋಡ್ ಬರೆಯೋ ಮುಂಚೆ ರಿಕ್ವೈರ್‌ಮೆಂಟ್ ಕೇಳದ ಪ್ರಾಜೆಕ್ಟ್‌ಗಳ ಗತಿ ನನಗೆ ಚೆನ್ನಾಗಿ ಗೊತ್ತು. ಅವರನ್ನೇ ಒಪ್ಪಿಕೊಂಡೆ. ಒಟ್ಟು 1,75,000 ಕ್ರೋನಾ, ಆಗಿನ ಲೆಕ್ಕದಲ್ಲಿ 13 ಲಕ್ಷ ರೂಪಾಯಿ ಮೇಲೆ. ಕೂಲಿ ಭಾಗಕ್ಕೆ ಒಂದಿಷ್ಟು ತೆರಿಗೆ ರಿಯಾಯಿತಿ ಸಿಕ್ತು. ಈ ಮೊತ್ತವನ್ನು ಅಪ್ಪಾಜಿಗೆ ನಾನು ಹೇಳಲಿಲ್ಲ.

ಕೊರೆಯೋಕೆ ಮುಂಚೆ ನಗರಸಭೆಗೆ ಅರ್ಜಿ ಹಾಕಬೇಕು. ಎರಡು ಬೋರ್‌ಗಳ ನಡುವೆ ಸಾಮಾನ್ಯವಾಗಿ 20 ಮೀಟರ್ ಅಂತರ ಕೇಳ್ತಾರೆ, ಇಲ್ಲದಿದ್ದರೆ ಒಂದು ಇನ್ನೊಂದರ ಶಾಖ ಕದಿಯುತ್ತೆ. ಕೊರೆದವರು ಎಷ್ಟು ಆಳ, ಬಂಡೆ ಎಲ್ಲಿ ಸಿಕ್ತು, ನೀರು ಎಲ್ಲಿದೆ ಅನ್ನೋದನ್ನೆಲ್ಲ ಸ್ವೀಡನ್ನಿನ ಭೂವಿಜ್ಞಾನ ಇಲಾಖೆಗೆ ಬರೆದು ಕೊಡಬೇಕು. ಆ ದಾಖಲೆ ಆನ್‌ಲೈನ್ ಮ್ಯಾಪ್‌ನಲ್ಲಿ ಎಲ್ಲರಿಗೂ ಕಾಣುತ್ತೆ. ನಾನೂ ನಮ್ಮ ಬೀದಿಯ ಬೋರ್‌ಗಳನ್ನೆಲ್ಲ ನೋಡಿ, ಬಂಡೆ ಎಷ್ಟು ಕೆಳಗಿರಬಹುದು ಅಂತ ಅಂದಾಜು ಮಾಡಿದ್ದೆ. ಯಾಕಂದ್ರೆ ಕೊಟೇಶನ್‌ನಲ್ಲಿ 6 ಮೀಟರ್ ಕೇಸಿಂಗ್ ಮಾತ್ರ ಸೇರಿತ್ತು, ಜಾಸ್ತಿ ಆದರೆ ಮೀಟರ್ ಲೆಕ್ಕದಲ್ಲಿ ದುಡ್ಡು. ಕೇಸಿಂಗ್ ಚೌಕಾಸಿ ಚನ್ನಗಿರಿಯಲ್ಲೂ ಒಂದೇ, ಸ್ವೀಡನ್‌ನಲ್ಲೂ ಒಂದೇ! ಕೊನೆಗೆ ನಮಗೆ 9 ಮೀಟರ್ ಬೇಕಾಯ್ತು.

ಎರಡನೇ ದಿನ ಮಧ್ಯಾಹ್ನ 110 ಮೀಟರ್ ದಾಟುವಾಗ ಕೊಳವೆಯಿಂದ ನೀರು ಭುಸ್ ಅಂತ ಚಿಮ್ಮಿತು. ಊರಲ್ಲಾಗಿದ್ದರೆ ಅಷ್ಟಕ್ಕೇ ಲಾರಿ ನಿಲ್ಲಿಸಿ ಕಾಯಿ ಒಡೆದು ಪೂಜೆ ಮಾಡ್ತಿದ್ರು. ಇಲ್ಲಿ ಕೊರೆಯೋ ಹುಡುಗ ಮುಖ ಒರೆಸ್ಕೊಂಡು ಮುಂದುವರಿಸಿದ. ಕೆಸರು ನೀರು ಕಂಟೇನರ್ ತುಂಬಿತು. ಆ ವಿಡಿಯೋ ಅಪ್ಪಾಜಿಗೆ ಕಳಿಸೋಕೆ ಕೈ ಬರಲಿಲ್ಲ.

ಡಿಸೆಂಬರ್‌ನಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ಅತ್ತೆ ಬಂದರು. ಅಲ್ಲಿಗೆ ನನ್ನ ಲೆಕ್ಕವೆಲ್ಲ ತಲೆಕೆಳಗು. ಬಿಸಿನೀರು ಎಷ್ಟು ಬೇಕು ಅಂತ ಆಕೆ ಕೇಳಿದಾಗ "ಇಬ್ಬರು, ದಿನಾ ಶವರ್" ಅಂದಿದ್ದೆ. ಬಾಣಂತಿಗೆ ಎಣ್ಣೆ ಹಚ್ಚಿ ಬಕೆಟ್‌ಗಟ್ಟಲೆ ಸುಡುಸುಡು ನೀರು ಹುಯ್ಯೋ ಪದ್ಧತಿ ಸ್ವೀಡನ್ನಿನ ಫಾರಂನಲ್ಲಿ ಎಲ್ಲಿರುತ್ತೆ? 180 ಲೀಟರ್ ಟ್ಯಾಂಕ್ ತಾಯಿ, ಮಗುವಿನ ಸ್ನಾನಕ್ಕೇ ಖಾಲಿ. "ಇದೇನೇ ನಿಮ್ ಹಂಡೆ, ತಳಾನೇ ಇಲ್ವಲ್ಲ" ಅಂತ ಅತ್ತೆ ಮಗಳಿಗೆ ಹೇಳಿದ್ದು ನನಗೂ ಕೇಳಿಸ್ತು.

2024ರ ಜನವರಿ ಮೊದಲ ವಾರ ಉತ್ತರ ಸ್ವೀಡನ್ ಮೈನಸ್ 40 ದಾಟಿತು, ನಮ್ಮಲ್ಲೂ ಕೊರೆಯೋ ಚಳಿ. ಮೇಲಿನ ಕೋಣೆ 18 ಡಿಗ್ರಿಗೆ ಇಳಿದಾಗ ನಾನು ಗಾಬರಿಯಾಗಿ ಆ್ಯಪ್‌ನಲ್ಲಿ ರೇಡಿಯೇಟರ್ ನೀರಿನ ಬಿಸಿ ಏರಿಸ್ತಾ ಹೋದೆ. ಕಂಪ್ರೆಸರ್ ಕೈಲಾಗದೆ ಒಳಗಿನ ಕರೆಂಟ್ ಕಾಯಿಲ್ ಆನ್ ಆಯ್ತು. ಅದು ಮಾಮೂಲಿ ಗೀಸರ್ ಇದ್ದ ಹಾಗೆ, 1 ಯೂನಿಟ್‌ಗೆ 1 ಯೂನಿಟ್. ಅಳವಡಿಸಿದ ಆಕೆಯೇ ಬಂದು ನೋಡಿದರೆ, ಮೇಲಿನ ರೇಡಿಯೇಟರ್‌ನಲ್ಲಿ ಗಾಳಿ ಸಿಕ್ಕಿಕೊಂಡಿತ್ತು, ವಾಲ್ವ್ ಅರ್ಧ ಮುಚ್ಚಿತ್ತು. ಎರಡನ್ನೂ ಸರಿ ಮಾಡಿ ಬಿಸಿಯನ್ನು ಮತ್ತೆ ಕೆಳಗಿಳಿಸಿದರು. ಟ್ಯಾಂಕ್ ಬಾಣಂತಿ ಸ್ನಾನಕ್ಕೆ ಮುಂಚೆ ಹೆಚ್ಚು ಕಾಯೋ ಹಾಗೆ ಟೈಮರ್ ಇಟ್ಟರು. "ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಎರಡು ದಿನ ಕಾಯಿರಿ" ಅಂತ ಬೈದೇ ಹೋದರು. ಆ ವರ್ಷ ಒಟ್ಟು ಖರ್ಚಾದದ್ದು 7,000 ಯೂನಿಟ್ ಚಿಲ್ಲರೆ.

ಚಳಿದೇಶದಲ್ಲಿ ಮನೆ ಕೊಂಡಿರೋ ಗೆಳೆಯರು ಈಗ ಯಾವ ಬ್ರ್ಯಾಂಡ್ ಒಳ್ಳೇದು ಅಂತ ಕೇಳ್ತಾರೆ. ಮನೆ ಅಳೆಯದೆ ರೇಟ್ ಹೇಳಿದವರನ್ನು ಬಿಡಿ, ಅತ್ತೆ ಬರ್ತಾರಾ ಅನ್ನೋದನ್ನು ಮೊದಲೇ ತಿಳಿಸಿ ಅಂತೀನಿ.

ಆ ಮಾರ್ಚ್‌ನಲ್ಲಿ ಅಪ್ಪಾಜಿ ಟ್ಯಾಂಕರ್ ನೀರು ಕೊಂಡು ತೋಟಕ್ಕೆ ಹಾಯಿಸ್ತಿದ್ದರು. ಇನ್ನೊಂದು ಬೋರಿಗೆ ದುಡ್ಡು ಕಳಿಸ್ತೀನಿ ಅಂದೆ. "ತಡಿಯಪ್ಪಾ" ಅಂದರು. "ನಿಮ್ಮಲ್ಲಿ ಪಕ್ಕದ ಮನೆ ಬೋರಿನ ಲೆಕ್ಕಾನೂ ಸರ್ಕಾರ ಬರೆದಿಟ್ಟಿರುತ್ತೆ ಅಂದ್ಯಲ್ಲ…"

ಎರಡು ವಾರದ ನಂತರ ವಾಟ್ಸ್ಆ್ಯಪ್‌ಗೆ ಒಂದು ಫೋಟೋ ಬಂತು. ನನ್ನ ಹಳೇ ಪಿಯುಸಿ ನೋಟ್‌ಬುಕ್‌ನ ಖಾಲಿ ಹಾಳೆಯಲ್ಲಿ ಅಪ್ಪಾಜಿಯ ಓರೆ ಅಕ್ಷರ. ಸುತ್ತಲಿನ ತೋಟಗಳ 11 ಬೋರ್, ಎಷ್ಟು ಅಡಿ, ಎಷ್ಟು ಕೇಸಿಂಗ್, ನೀರು ಎಲ್ಲಿ ಸಿಕ್ತು. ಅದರಲ್ಲಿ 350 ಅಡಿ ಕೆಳಗೆ ಹೊಸ ನೀರು ಸಿಕ್ಕಿದ್ದು ಒಂದೇ ಒಂದು ಬೋರಿಗೆ. ಅಪ್ಪಾಜಿ ಇನ್ನೂ ಲಾರಿ ಕರೆಸಿಲ್ಲ.