ಬೇಸಾಯದ ಮುಗ್ಗಟ್ಟನ್ನು ದಾಟಿದ ನೇಗಿಲ ಕಾರ್ಖಾನೆ

ಮಳೆ ಕೈಕೊಟ್ಟಾಗ ಅಥವಾ ಫಸಲಿನ ಬೆಲೆ ಕುಸಿದಾಗ ರೈತರು ಮೊದಲು ಮುಂದೂಡುವುದು ಹೊಸ ಸಲಕರಣೆಯ ಖರೀದಿಯನ್ನು. ಹೀಗಾಗಿ ಐಹೊಳೆಯಂತಹ ಒಣಬೇಸಾಯದ ಗ್ರಾಮಗಳಲ್ಲಿ ಹೊಲದ ನಷ್ಟವು ರಂಟೆ, ಕುಂಟೆ, ಕೂರಿಗೆ ಮಾಡುವ ಕಮ್ಮಾರ ಹಾಗೂ ಬಡಿಗರ ಕುಟುಂಬಗಳನ್ನೂ ತಟ್ಟುತ್ತದೆ. ಇಂತಹ ಮುಗ್ಗಟ್ಟನ್ನು ಎದುರಿಸಿ ಉಳಿದ ಉದ್ಯಮವೊಂದರ ಮೂಲ ಇದೇ ಮಲಪ್ರಭೆಯ ಸೀಮೆಯಲ್ಲಿದೆ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1869ರಲ್ಲಿ ಸವದತ್ತಿ ಬಳಿಯ ಗುರ್ಲಹೊಸೂರಿನಲ್ಲಿ ಜನಿಸಿದರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮುಂದೆ ಮೇವು ಕತ್ತರಿಸುವ ಯಂತ್ರ ಹಾಗೂ ಕಬ್ಬಿಣದ ನೇಗಿಲುಗಳ ತಯಾರಿಕೆಗೆ ತೊಡಗಿದರು. ಕಬ್ಬಿಣವು ಮಣ್ಣಿಗೆ ವಿಷವೆಂದು ರೈತರು ಶಂಕಿಸಿದ್ದರಿಂದ ಆರಂಭದ ನೇಗಿಲುಗಳ ಮಾರಾಟಕ್ಕೆ ಸುಮಾರು ಎರಡು ವರ್ಷ ಹಿಡಿಯಿತು. ಬೆಳಗಾವಿಯ ಸ್ಥಳವನ್ನು ತೆರವುಗೊಳಿಸಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಅರಸರು ಭೂಮಿ ಹಾಗೂ ಸಾಲ ಒದಗಿಸಿದರು. 1910ರಲ್ಲಿ ಕಿರ್ಲೋಸ್ಕರವಾಡಿ ಸ್ಥಾಪನೆಯಾಯಿತು.

1929ರ ನಂತರದ ಜಾಗತಿಕ ಆರ್ಥಿಕ ಕುಸಿತದಲ್ಲಿ ಕೃಷಿ ಉತ್ಪನ್ನಗಳ ಬೆಲೆ ಇಳಿದು, ನೇಗಿಲಿನ ಬೇಡಿಕೆಯೂ ತಗ್ಗಿತು. ಆದರೆ ಸಂಸ್ಥೆಯು ನೇಗಿಲೊಂದನ್ನೇ ನೆಚ್ಚಿಕೊಂಡಿರಲಿಲ್ಲ. ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರಗಳ ಜೊತೆಗೆ 1926ರಿಂದಲೇ ನೀರೆತ್ತುವ ಪಂಪುಗಳು ತಯಾರಾಗುತ್ತಿದ್ದವು. ಕುಸಿತದ ವರ್ಷಗಳಲ್ಲಿ ಉಕ್ಕಿನ ಪೀಠೋಪಕರಣಗಳೂ, ನಂತರ ಲೇತ್ ಯಂತ್ರಗಳೂ ಸೇರಿದವು. ಎರಕ, ಕೊರೆತ, ಜೋಡಣೆಯ ಕೌಶಲ ಒಂದೇ ಆದುದರಿಂದ ಅದೇ ಕೆಲಸಗಾರರ ಕೈಗಳಿಗೆ ಬೇರೆ ಕೆಲಸ ದೊರೆಯಿತು. ಅದೇ ಅನುಭವದ ಮುಂದುವರಿಕೆಯಾಗಿ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಯಿತು.

ಇದರಿಂದ ಗ್ರಾಮದ ಕುಲುಮೆಗಳು ಗ್ರಹಿಸಬೇಕಾದ ಅಂಶಗಳು ಹೀಗಿವೆ:

1. ಹೊಸ ಸಲಕರಣೆಯ ಮಾರಾಟ ನಿಂತರೂ ಕುಳ, ತಾಳುಗಳ ಸವೆತ ನಿಲ್ಲುವುದಿಲ್ಲ. ದುರಸ್ತಿ ಹಾಗೂ ಬಿಡಿಭಾಗಗಳ ಕೆಲಸವನ್ನು ಕೈಬಿಡಬಾರದು.
2. ಬಾಗಿಲು, ಕಿಟಕಿ, ದನದ ಕೊಟ್ಟಿಗೆಯ ಚೌಕಟ್ಟು ಮುಂತಾದ ಕೃಷಿಯೇತರ ಕೆಲಸಗಳನ್ನು ಬರ ಬರುವ ಮೊದಲೇ ರೂಢಿಸಿಕೊಳ್ಳಬೇಕು.
3. ಬಂಡವಾಳದ ಕೊರತೆಯಿದ್ದಲ್ಲಿ ಹೆಚ್ಚಿನ ಬಡ್ಡಿಯ ಕೈಸಾಲಕ್ಕಿಂತ ಸಾಂಸ್ಥಿಕ ಸಾಲವೇ ಲೇಸು. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಡಿ ಕಮ್ಮಾರರು ಹಾಗೂ ಬಡಿಗರಿಗೆ ತರಬೇತಿ, 15,000 ರೂಪಾಯಿವರೆಗಿನ ಉಪಕರಣ ನೆರವು, ಶೇ. 5ರ ಬಡ್ಡಿಯಲ್ಲಿ ಮೊದಲ ಕಂತಾಗಿ 1 ಲಕ್ಷ ರೂಪಾಯಿವರೆಗೆ ಸಾಲಕ್ಕೆ ಅವಕಾಶ ಕಲ್ಪಿಸಲಾಗಿದೆ. ಅರ್ಜಿಯ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯತಿಯಲ್ಲೇ ನಡೆಯುತ್ತದೆ.

ಬರಗಾಲದಲ್ಲಿ ಮುಚ್ಚಿದ ಕುಲುಮೆ ಮಳೆ ಬಂದೊಡನೆ ಮತ್ತೆ ತೆರೆಯುವುದು ಅಪರೂಪ. ಆಗ ಕೂರಿಗೆಯ ತಾಳು ಮುರಿದರೂ ರೈತರು ಪೇಟೆಗೆ ಅಲೆಯಬೇಕಾಗುತ್ತದೆ, ಬಿತ್ತನೆಯ ಹದ ಕಾಯುವುದಿಲ್ಲ. ಆದುದರಿಂದ ಕುಲುಮೆಯನ್ನು ಉಳಿಸಿಕೊಳ್ಳುವುದು ಇಡೀ ಗ್ರಾಮದ ಹಿತವಾಗಿರುತ್ತದೆ.