ಗೇರ್ ಬೀಳುವ ಮುನ್ನ ಆ ಮೂರು ಸೆಕೆಂಡು

ಅಣ್ಣನ ಕಾರಿಗೆ 15 ವರ್ಷ ತುಂಬಿದೆ. ನಾಲ್ಕು ಗೇರಿನ ಹಳೇ ಕಾಲದ ಆಟೋಮ್ಯಾಟಿಕ್. ಕಳೆದ ಡಿಸೆಂಬರಿನ ಚಳಿಯಲ್ಲಿ ಒಂದು ಬೆಳಿಗ್ಗೆ ಅತ್ತಿಗೆಯನ್ನು ಮೆಜೆಸ್ಟಿಕ್‌ಗೆ ಬಿಡಲು ಹೊರಟಾಗ ಅದು ಮೊದಲ ಸಲ ತಕರಾರು ತೆಗೆಯಿತು. ಲಿವರನ್ನು ‘ಪಿ’ಯಿಂದ ‘ಡಿ’ಗೆ ಎಳೆದು ಬ್ರೇಕಿನಿಂದ ಕಾಲು ತೆಗೆದರೆ ಕಾರು ಅಲ್ಲಾಡಲಿಲ್ಲ. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಧಕ್ಕೆಂದು ಮುಂದೆ ಜಿಗಿಯಿತು. ವಾರ ಕಳೆಯುವುದರೊಳಗೆ ಟ್ರಾಫಿಕ್ಕಿನಲ್ಲೂ ಜರ್ಕ್ ಶುರುವಾಯಿತು. ಮೊದಲು ತೋರಿಸಿದ ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ, “ಗೇರ್‌ಬಾಕ್ಸ್ ಹೋಗಿದೆ ಸಾರ್, ಇಳಿಸಬೇಕು” ಅಂದರು. ಅವರು ಹೇಳಿದ ಖರ್ಚು, ಕಾರು ಮಾರಿದರೆ ಬರುವ ದುಡ್ಡಿಗಿಂತ ಸ್ವಲ್ಪವೇ ಕಡಿಮೆ ಇತ್ತು.

ಹಳೆಯ ಆಟೋಮ್ಯಾಟಿಕ್ ಕಾರುಗಳು ಈ ಒಂದು ಮಾತಿಗೇ ಗುಜರಿ ಸೇರುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಡ ಮಾಡುವುದು, ಜರ್ಕ್ ಹೊಡೆಯುವುದು ಆ ಯಂತ್ರ ತನ್ನ ನೋವು ಹೇಳಿಕೊಳ್ಳುವ ರೀತಿ. ಯಾವಾಗ ತಡ, ಯಾವ ಗೇರಿನಲ್ಲಿ ಜರ್ಕ್, ಬಿಸಿಯಾದಾಗಲೋ ತಣ್ಣಗಿರುವಾಗಲೋ ಎಂದು ಕೇಳಿಸಿಕೊಂಡರೆ, ಒಂದು ನಟ್ಟೂ ಬಿಚ್ಚದೆ ಅರ್ಧ ರೋಗ ಗೊತ್ತಾಗುತ್ತದೆ.

ಕಾಲ ಕೆಳಗೆ ಕ್ಲಚ್ ಪೆಡಲ್ ಇಲ್ಲ ಅಂದ ಮಾತ್ರಕ್ಕೆ ಇಂಥ ಕಾರಿನಲ್ಲಿ ಕ್ಲಚ್ಚೇ ಇಲ್ಲ ಎಂದಲ್ಲ. ಒಳಗೆ ಹಲವು ಕ್ಲಚ್ಚುಗಳಿವೆ. ಎಂಜಿನ್ನಿಗೂ ಗೇರುಗಳಿಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ, ಆಯಿಲ್ ತುಂಬಿದ ದಪ್ಪ ಡಬ್ಬಿಯಿದೆ. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಹಡಗುಗಳಿಗೆಂದು ಪೇಟೆಂಟ್ ಪಡೆದ ಯೋಚನೆ ಅದು. ಎಂಜಿನ್ ತಿರುಗಿಸುವ ರೆಕ್ಕೆಗಳು ಆಯಿಲನ್ನು ಎದುರಿನ ರೆಕ್ಕೆಗಳ ಮೇಲೆ ಚಿಮ್ಮಿಸುತ್ತವೆ, ಆ ರಭಸಕ್ಕೆ ಗೇರ್‌ಬಾಕ್ಸ್ ತಿರುಗುತ್ತದೆ. ಸಿಗ್ನಲ್ಲಿನಲ್ಲಿ ‘ಡಿ’ಯಲ್ಲೇ ನಿಂತರೂ ಎಂಜಿನ್ ಆಫ್ ಆಗದಿರುವುದು ಇದರಿಂದ. ಅದರ ಹಿಂದೆ ಗ್ರಹಗತಿಯ ಗೇರುಗಳು: ನಡುವೆ ಸೂರ್ಯ, ಸುತ್ತ ಗ್ರಹಗಳು, ಹೊರಗೆ ಹಲ್ಲಿನ ಬಳೆ. ಇವು ಯಾವತ್ತೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಯಾವುದನ್ನು ಹಿಡಿದು ನಿಲ್ಲಿಸಿದ್ದೇವೆ, ಯಾವುದಕ್ಕೆ ಎಂಜಿನ್ನಿನ ಶಕ್ತಿ ಕೊಟ್ಟಿದ್ದೇವೆ ಎನ್ನುವುದರ ಮೇಲೆ ಒಂದನೇ ಗೇರೋ ಮೂರನೆಯದೋ ತೀರ್ಮಾನವಾಗುತ್ತದೆ. ಹಿಡಿಯುವ, ಬಿಡುವ ಕೆಲಸ ಕ್ಲಚ್ಚುಗಳದ್ದು. ಆ ಕ್ಲಚ್ಚುಗಳನ್ನು ಒತ್ತಿ ಹಿಡಿಯುವುದು ಆಯಿಲ್ಲಿನ ಒತ್ತಡ. ಮಾಮೂಲಿ ಟೈರಿನಲ್ಲಿ 30 ಪಿಎಸ್‌ಐ ಗಾಳಿ ಇದ್ದರೆ, ಎಂಜಿನ್ ಐಡಲ್‌ನಲ್ಲಿದ್ದಾಗಲೇ ಗೇರ್‌ಬಾಕ್ಸಿನೊಳಗೆ ಸಾಮಾನ್ಯವಾಗಿ ಅದರ ಎರಡು ಪಟ್ಟು ಒತ್ತಡ ಇರುತ್ತದೆ. ಜೋರಾಗಿ ಆಕ್ಸಿಲರೇಟರ್ ತುಳಿದಾಗ ಅದು ಇನ್ನೂ ಎಷ್ಟೋ ಏರುತ್ತದೆ.

ಗೇರ್ ಬದಲಾಗುವ ಆ ಅರೆ ಸೆಕೆಂಡಿನಲ್ಲಿ ಒಂದು ಕ್ಲಚ್ ಬಿಡಬೇಕು, ಇನ್ನೊಂದು ಹಿಡಿಯಬೇಕು. ಬಾಣಂತಿಯ ತೋಳಿನಿಂದ ಅಜ್ಜಿಯ ತೋಳಿಗೆ ಕೂಸನ್ನು ದಾಟಿಸುವ ಹಾಗೆ. ಈ ಕೈ ಬೇಗ ಬಿಟ್ಟರೆ ನಡುವೆ ಯಾರೂ ಹಿಡಿದಿರುವುದಿಲ್ಲ: ಎಂಜಿನ್ ಒಮ್ಮೆ ಭರ್ರೆಂದು ಏರಿ ಆಮೇಲೆ ಗೇರ್ ಬೀಳುತ್ತದೆ. ಆ ಕೈ ಅವಸರದಲ್ಲಿ ಎಳೆದರೆ ಇಬ್ಬರೂ ಹಿಡಿದು ಜಗ್ಗಿದಂತಾಗುತ್ತದೆ: ಕಾರು ಕತ್ತು ಕುಲುಕುವಂತೆ ಜರ್ಕ್ ಹೊಡೆಯುತ್ತದೆ.

ಅಣ್ಣನ ಕಾರಿನ ಮೂರು ಸೆಕೆಂಡನ್ನೇ ನೋಡಿ. ‘ಡಿ’ಗೆ ಹಾಕಿದ ಕೂಡಲೆ ಪಂಪು ಒಂದು ಕ್ಲಚ್ಚಿನ ಹಿಂದಿನ ಪಿಸ್ಟನ್‌ಗೆ ಆಯಿಲ್ ತುಂಬಬೇಕು. ಪಿಸ್ಟನ್ನಿನ ಅಂಚಿಗೆ ರಬ್ಬರ್ ಸೀಲ್ ಇರುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ರಬ್ಬರು ಚಳಿಯ ಬೆಳಿಗ್ಗೆ ಗಡುಸಾಗಿರುತ್ತದೆ, ಅದರ ಪಕ್ಕದಿಂದ ಆಯಿಲ್ ಸೋರಿ ಒತ್ತಡ ಕೂಡಿಕೊಳ್ಳಲು ತಡವಾಗುತ್ತದೆ. ಆಯಿಲ್ಲೇ ಕಡಿಮೆ ಇದ್ದರೆ ಪಂಪು ಗಾಳಿಯನ್ನೂ ಎಳೆದು ಇನ್ನಷ್ಟು ತಡ. ಅಷ್ಟರಲ್ಲಿ ನಾವು ತಾಳ್ಮೆಗೆಟ್ಟು ಆಕ್ಸಿಲರೇಟರ್ ತುಳಿದಿರುತ್ತೇವೆ. ಮೆಲ್ಲಗೆ ಕಚ್ಚಿಕೊಳ್ಳಬೇಕಿದ್ದ ಕ್ಲಚ್ ಏರಿದ ಎಂಜಿನ್ ವೇಗದಲ್ಲಿ ಕಚ್ಚಿಕೊಳ್ಳುತ್ತದೆ. ತಡ ಮತ್ತು ಗುದ್ದು ಎರಡು ಕಾಯಿಲೆಯಂತೆ ಕಂಡರೂ ಎಷ್ಟೋ ಸಲ ಒಂದೇ ಕಾಯಿಲೆಯ ಎರಡು ಮುಖ. ಬೆಳಿಗ್ಗೆ ತಕರಾರು ಮಾಡಿ, ಹತ್ತು ಕಿಲೋಮೀಟರ್ ಓಡಿದ ಮೇಲೆ ಸರಿಹೋದರೆ ಸೀಲುಗಳ ಮೇಲೆ ಅನುಮಾನ ಪಡಬಹುದು. ತಣ್ಣಗಿರುವಾಗ ಚೆನ್ನಾಗಿದ್ದು, ಘಾಟಿ ಹತ್ತಿದ ಮೇಲೆ ಸ್ಲಿಪ್ ಆಗುತ್ತಿದ್ದರೆ ವಿಷಯ ಹೆಚ್ಚು ಗಂಭೀರ: ಬಿಸಿಗೆ ತೆಳುವಾದ ಆಯಿಲ್ ಸವೆದ ಪಂಪು, ವಾಲ್ವುಗಳ ಸಂದಿಯಿಂದ ತಪ್ಪಿಸಿಕೊಳ್ಳುತ್ತಿದೆ ಎಂದರ್ಥ.

ಎರಡನೇ ಸಲ ನಾವು ಹೋದದ್ದು ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ. ಅವರು ಮೊದಲು ಕೇಳಿದ್ದು, “ಆಯಿಲ್ ನೋಡಿದ್ರಾ ಸಾರ್?” ಕಾರನ್ನು ಸುತ್ತಾಡಿಸಿ ಬಿಸಿ ಮಾಡಿ, ಸಮತಟ್ಟಿನ ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಹಿಡಿದು ಲಿವರನ್ನು ಎಲ್ಲ ಗೇರುಗಳಿಗೂ ಒಮ್ಮೆ ಹಾಕಿ ತೆಗೆದು, ಎಂಜಿನ್ ಓಡುತ್ತಿರುವಾಗಲೇ ಗೇಜ್ ಕಡ್ಡಿ ಎಳೆದರು. (ಹೋಂಡಾದ ಹಲವು ಹಳೆಯ ಕಾರುಗಳಲ್ಲಿ ಎಂಜಿನ್ ಆಫ್ ಮಾಡಿ ಒಂದೂವರೆ ನಿಮಿಷದೊಳಗೆ ನೋಡಬೇಕು. ಕಾರಿನ ಪುಸ್ತಕ ಹೇಳಿದ್ದೇ ಪ್ರಮಾಣ.) ಕಡ್ಡಿಯ ತುದಿಯನ್ನು ಬಿಳಿ ಕಾಗದಕ್ಕೆ ಒತ್ತಿದರು. ದಾಳಿಂಬೆ ರಸದಂತೆ ಕೆಂಪಗಿರಬೇಕಿದ್ದ ಹನಿ ತೆಳು ಡಿಕಾಕ್ಷನ್ ಬಣ್ಣದಲ್ಲಿ ಹರಡಿತು. ಮೂಗಿನ ಹತ್ತಿರ ಹಿಡಿದು ನೋಡಿ, “ಸುಟ್ಟ ವಾಸನೆ ಇಲ್ಲ” ಅಂದರು. ಬೆರಳಿನಲ್ಲಿ ಉಜ್ಜಿದರೆ ಲೋಹದ ಮಿನುಗೂ ಕಾಣಲಿಲ್ಲ. ಮಟ್ಟ ಮಾತ್ರ ಕೆಳಗಿನ ಗೆರೆಗಿಂತ ಒಂದು ಬೆರಳು ಕೆಳಗೆ.

ಆ ಒಂದು ಹನಿಯಲ್ಲಿ ಓದುವುದಕ್ಕೆ ಬಹಳ ಇರುತ್ತದೆ. ಕಂದು ಬಣ್ಣ ಬರಿಯ ವಯಸ್ಸಿನದು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ಚಿನ ಪದರವೇ ಉರಿದು ಆಯಿಲ್ಲಿಗೆ ಇಳಿದಿದೆ. ರೋಸ್ ಮಿಲ್ಕಿನಂತೆ ಹಾಲುಗೆಂಪಾಗಿದ್ದರೆ ರೇಡಿಯೇಟರಿನೊಳಗಿನ ಆಯಿಲ್ ಕೂಲರ್ ತೂತಾಗಿ ಕೂಲೆಂಟ್ ನೀರು ಬೆರೆತಿದೆ, ಆ ಕಾರನ್ನು ಇನ್ನೊಂದು ಕಿಲೋಮೀಟರ್ ಕೂಡ ಓಡಿಸಬಾರದು. ನೊರೆ ಕಂಡರೆ ಆಯಿಲ್ ಹೆಚ್ಚಾಗಿರಬಹುದು. ತಿರುಗುವ ಗೇರುಗಳು ಅದನ್ನು ಕಡೆದು ಗಾಳಿ ಬೆರೆಸುತ್ತವೆ, ಗಾಳಿ ಕುಗ್ಗುವುದರಿಂದ ಒತ್ತಡ ನಿಲ್ಲುವುದಿಲ್ಲ. ಹಾಗಾಗಿ ಹೆಚ್ಚು ಹಾಕಿದರೂ ಕಡಿಮೆಯಾದಾಗಿನ ಲಕ್ಷಣವೇ ಕಾಣುತ್ತದೆ.

ಈ ಆಯಿಲ್ ಬರಿಯ ಜಾರಿಸುವ ಎಣ್ಣೆಯಲ್ಲ. ಗೇರಿನ ಹಲ್ಲುಗಳ ನಡುವೆ ಜಾರಬೇಕು, ಕ್ಲಚ್ ಪ್ಲೇಟುಗಳ ನಡುವೆ ಹದವಾಗಿ ಹಿಡಿಯಬೇಕು. ಆ ಹದ ತರುವುದಕ್ಕೆ ಅದರಲ್ಲಿ ವಿಶೇಷ ರಾಸಾಯನಿಕಗಳಿರುತ್ತವೆ. 1970ರ ದಶಕದ ಆರಂಭದವರೆಗೆ ಅಮೆರಿಕದಲ್ಲಿ ಈ ಕೆಲಸಕ್ಕೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ತಿಮಿಂಗಿಲಗಳನ್ನು ಉಳಿಸುವ ಕಾನೂನು ಬಂದ ಮೇಲೆ ರಸಾಯನಶಾಸ್ತ್ರಜ್ಞರು ಬದಲಿಗೆ ಬೇರೆಯದನ್ನು ಹುಡುಕಬೇಕಾಯಿತು. ಇಂದಿಗೂ ಕಂಪನಿಗೊಂದು ಹದ. ಹಳೆಯ ಕಾರುಗಳಲ್ಲಿ ಹ್ಯುಂಡೈಗೆ ಎಸ್‌ಪಿ-3, ಟೊಯೋಟಾಗೆ ಟಿ-4, ಹೋಂಡಾಗೆ ಝಡ್-1, ಆಮೇಲೆ ಡಿಡಬ್ಲ್ಯು-1. “ಎಲ್ಲಕ್ಕೂ ಒಂದೇ ಆಯಿಲ್ ಸಾರ್” ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ತಪ್ಪು ಆಯಿಲ್ ಹಾಕಿಸಿಕೊಂಡ ಮೇಲೆ ಶುರುವಾದ ನಡುಕವನ್ನು ಗೇರ್‌ಬಾಕ್ಸಿನ ತಲೆಗೆ ಕಟ್ಟುವುದು ಅನ್ಯಾಯ.

60ರಿಂದ 80 ಕಿಲೋಮೀಟರ್ ವೇಗದಲ್ಲಿ, ಆಕ್ಸಿಲರೇಟರ್ ಹಗುರವಾಗಿ ಒತ್ತಿದ್ದಾಗ ಜಲ್ಲಿ ರಸ್ತೆ ಮೇಲೆ ಹೋದಂತೆ ಕಾರು ನಡುಗುತ್ತದೆ ಎನ್ನುವವರು ಬಹಳ ಮಂದಿ. ಆ ವೇಗದಲ್ಲಿ ಟಾರ್ಕ್ ಕನ್ವರ್ಟರಿನೊಳಗಿನ ಲಾಕಪ್ ಕ್ಲಚ್ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುತ್ತದೆ. ಹದಗೆಟ್ಟ ಆಯಿಲ್ಲಿನಲ್ಲಿ ಅದು ಹಿಡಿದು-ಬಿಟ್ಟು ಮಾಡುತ್ತದೆ. ಆದರೆ ಸ್ಪಾರ್ಕ್ ಪ್ಲಗ್ ಸೋತು ಎಂಜಿನ್ ಮಿಸ್ ಹೊಡೆದರೂ ಹೆಚ್ಚುಕಡಿಮೆ ಹೀಗೇ ನಡುಗುತ್ತದೆ. ಖಾಲಿ ರಸ್ತೆಯಲ್ಲಿ ನಡುಕ ಬಂದಾಗ, ಆಕ್ಸಿಲರೇಟರ್ ಹಾಗೇ ಇಟ್ಟು ಎಡಗಾಲಿನಲ್ಲಿ ಬ್ರೇಕನ್ನು ದೀಪ ಹೊತ್ತುವಷ್ಟು ಮಾತ್ರ ಮುಟ್ಟಿ. ಹೆಚ್ಚಿನ ಕಾರುಗಳಲ್ಲಿ ಬ್ರೇಕ್ ಸ್ವಿಚ್ ಲಾಕಪ್ಪನ್ನು ಬಿಡಿಸುತ್ತದೆ. ನಡುಕ ತಟ್ಟನೆ ನಿಂತರೆ ತಪ್ಪು ಲಾಕಪ್ಪಿನದು. ನಿಲ್ಲದಿದ್ದರೆ ಪ್ಲಗ್, ಕಾಯಿಲ್ ಕಡೆ ನೋಡಿ.

ಬಿಚ್ಚದೆ ರೋಗ ಪತ್ತೆ ಮಾಡುವ ತರ್ಕಕ್ಕೆ ನನಗೆ ಅಚ್ಚುಮೆಚ್ಚಿನ ಉದಾಹರಣೆ ಕ್ರೈಸ್ಲರ್ ಕಂಪನಿ 1956ರಲ್ಲಿ ತಂದ ಟಾರ್ಕ್‌ಫ್ಲೈಟ್ ಎಂಬ ಮೂರು ಗೇರಿನ ಪೆಟ್ಟಿಗೆ. ಅದರಲ್ಲಿ ರಿವರ್ಸಿಗೆ ಮುಂದಿನ ಕ್ಲಚ್ ಮತ್ತು ಹಿಂದಿನ ಬ್ಯಾಂಡ್ (ಡ್ರಮ್ಮನ್ನು ಸುತ್ತಿ ಹಿಡಿದು ನಿಲ್ಲಿಸುವ ಪಟ್ಟಿ) ಎರಡೂ ಬೇಕು. ಮೂರನೇ ಗೇರಿಗೂ ಅದೇ ಮುಂದಿನ ಕ್ಲಚ್ ಬೇಕು. ‘1’ ಆರಿಸಿದಾಗ ಅದೇ ಹಿಂದಿನ ಬ್ಯಾಂಡ್ ಹಿಡಿಯುತ್ತದೆ. ರಿವರ್ಸ್ ಬೀಳುತ್ತಿಲ್ಲ, ಮೂರನೆಯದು ಚೆನ್ನಾಗಿದೆ ಎಂದರೆ ಕ್ಲಚ್ ನಿರಪರಾಧಿ, ಬ್ಯಾಂಡ್ ನೋಡಬೇಕು. ರಿವರ್ಸೂ ಮೂರನೆಯದೂ ಎರಡೂ ಜಾರುತ್ತಿದ್ದು, ‘1’ರಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಕಾರನ್ನು ಹಿಡಿದೆಳೆಯುತ್ತಿದ್ದರೆ ಬ್ಯಾಂಡ್ ಸರಿಯಿದೆ, ಕ್ಲಚ್ಚೇ ಕಾರಣ. ಯಾವ ಗೇರಿಗೆ ಯಾವ ಕ್ಲಚ್ ಎಂಬ ಪಟ್ಟಿ ಪ್ರತಿ ಗೇರ್‌ಬಾಕ್ಸಿಗೂ ಇದೆ. ಅದನ್ನು ಗೋಡೆಗೆ ಅಂಟಿಸಿಕೊಂಡ ಗ್ಯಾರೇಜು ಕಂಡರೆ ನಾನು ಅಲ್ಲಿಗೇ ಕಾರು ಕೊಡುತ್ತೇನೆ.

ಕಂಪ್ಯೂಟರ್ ಇರುವ ಕಾರಿಗೆ ಸ್ಕ್ಯಾನರ್ ಹಾಕುವುದು ಒಳ್ಳೆಯದೇ. ಆದರೆ ಪಿ0741 ಎಂಬ ಕೋಡ್ ಬಂದರೆ ಲಾಕಪ್ ಹೇಳಿದಂತೆ ಕೇಳುತ್ತಿಲ್ಲ ಎಂದಷ್ಟೇ ಅರ್ಥ. ಕೆಟ್ಟಿರುವುದು ಕನ್ವರ್ಟರೋ, ಆಯಿಲ್ ಹರಿವನ್ನು ನಿಯಂತ್ರಿಸುವ ಸೊಲೆನಾಯ್ಡ್ ವಾಲ್ವೋ, ವೈರೋ ಎಂದು ಅದು ಹೇಳುವುದಿಲ್ಲ. ಕಾರು ಎರಡನೆಯದೋ ಮೂರನೆಯದೋ ಗೇರಿನಲ್ಲಿ ಸಿಕ್ಕಿಕೊಂಡು ಹೊರಡುವಾಗ ಮಂಕಾಗಿದ್ದರೆ, ಅದು ಅಪಾಯ ತಪ್ಪಿಸಲು ಕಂಪ್ಯೂಟರ್ ತಾನೇ ಆರಿಸಿಕೊಂಡ ಸ್ಥಿತಿಯಾಗಿರಬಹುದು. ಸೋತ ಬ್ಯಾಟರಿ, ತುಕ್ಕು ಹಿಡಿದ ಅರ್ತ್ ವೈರು, ತಪ್ಪು ಹೇಳುವ ಥ್ರಾಟಲ್ ಸೆನ್ಸರ್ ಕೂಡ ಇದನ್ನೆಲ್ಲ ಮಾಡಬಲ್ಲವು. ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ಪೂರ್ತಿ ತುಳಿಯುವ ಸ್ಟಾಲ್ ಪರೀಕ್ಷೆಯನ್ನು ಮಾತ್ರ ನೀವೇ ಮಾಡಲು ಹೋಗಬೇಡಿ. ಐದು ಸೆಕೆಂಡು ಮೀರಿದರೆ ಆಯಿಲ್ ವಿಪರೀತ ಬಿಸಿಯಾಗುತ್ತದೆ, ಬ್ರೇಕ್ ಜಾರಿದರೆ ಎದುರಿದ್ದವರ ಗತಿ ಹೇಳಬೇಕಿಲ್ಲ.

ಒಂದು ಮಾತು ಸೇರಿಸಬೇಕು. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿಯನ್ನೂ ನಮ್ಮಲ್ಲಿ ಆಟೋಮ್ಯಾಟಿಕ್ ಎಂದೇ ಕರೆಯುತ್ತಾರೆ. ಅದು ಮಾಮೂಲಿ ಗೇರ್‌ಬಾಕ್ಸು, ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಗೇರ್ ಬದಲಾಗುವಾಗ ಅದರಲ್ಲಿ ತಲೆ ಸ್ವಲ್ಪ ತೂಗುವುದು ಸಹಜ, ರೋಗವಲ್ಲ.

ಅಣ್ಣನ ಕಾರಿನಲ್ಲಿ ಕೂಲರಿಗೆ ಹೋಗುವ ರಬ್ಬರ್ ಪೈಪಿನ ಕ್ಲಿಪ್ಪು ಸಡಿಲಾಗಿ ತಿಂಗಳುಗಟ್ಟಲೆ ಆಯಿಲ್ ಜಿನುಗಿತ್ತು. ಕ್ಲಿಪ್ ಬದಲಿಸಿ, ಸರಿಯಾದ ಆಯಿಲ್ ಹಾಕಿಸಿದೆವು. ಕೆಳಗಿನ ಬೋಲ್ಟ್ ತೆಗೆದರೆ ಇಳಿಯುವುದು ಸುಮಾರು ಮೂರನೇ ಒಂದು ಭಾಗದಿಂದ ಅರ್ಧದಷ್ಟು ಮಾತ್ರ, ಉಳಿದದ್ದು ಹೆಚ್ಚಾಗಿ ಕನ್ವರ್ಟರಿನಲ್ಲೇ ಇರುತ್ತದೆ. ಅದಕ್ಕೇ 500 ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬದಲಿಸಿದೆವು. ಮೆಷಿನ್ನಿನಿಂದ ಒತ್ತಡ ಕೊಟ್ಟು ತೊಳೆಯುವುದು ಬೇಡ, ತಳದಲ್ಲಿ ಕೂತ ಕಸ ಎದ್ದು ವಾಲ್ವುಗಳಿಗೆ ಸಿಕ್ಕಿಕೊಂಡೀತು ಎಂದು ಮೆಕ್ಯಾನಿಕ್ ಹೇಳಿದ್ದು ನನಗೂ ಸರಿ ಅನ್ನಿಸಿತು. ಬೆಳಗಿನ ತಡ ಬಹುಪಾಲು ಹೋಯಿತು. ‘ಡಿ’ಯಿಂದ ‘ಆರ್’ಗೆ ಹಾಕುವಾಗಿನ ಗುದ್ದು ಮಾತ್ರ ಹಾಗೇ ಉಳಿಯಿತು.

ಮೆಕ್ಯಾನಿಕ್ ಬಾನೆಟ್ ಎತ್ತಿ ಪಕ್ಕಕ್ಕೆ ಸರಿದು ನಿಂತು, ಅಣ್ಣನಿಗೆ ಬ್ರೇಕ್ ಗಟ್ಟಿಯಾಗಿ ಹಿಡಿದು ‘ಡಿ’, ‘ಆರ್’ ಬದಲಿಸಲು ಹೇಳಿದರು. ಎಂಜಿನ್ ಪ್ರತಿ ಸಲವೂ ಎದ್ದು ಕೂತಿತು. ಟಾರ್ಚ್ ಬಿಟ್ಟು ನೋಡಿದರೆ ಎಂಜಿನ್ ಮೌಂಟಿಂಗ್‌ನ ರಬ್ಬರು ಉದ್ದಕ್ಕೂ ಹರಿದು ಬಾಯಿ ಬಿಟ್ಟಿತ್ತು. ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಿಂದ ಹೊಸದು ತಂದು ಕೂರಿಸಿದ ಮೇಲೆ ಗುದ್ದು ನಿಂತಿತು. ಗೇರ್‌ಬಾಕ್ಸನ್ನು ಇಳಿಸಲೇ ಇಲ್ಲ. ಚಳಿ ಹೆಚ್ಚಿದ ಬೆಳಿಗ್ಗೆ ಅದು ಈಗಲೂ ಒಂದು ಸೆಕೆಂಡು ತೆಗೆದುಕೊಳ್ಳುತ್ತದೆ. ಅಣ್ಣ ಬ್ರೇಕಿನ ಮೇಲೆ ಕಾಲಿಟ್ಟು, ಗೇರ್ ಬಿದ್ದು ಕಾರು ಸಣ್ಣಗೆ ತುಡಿಯುವವರೆಗೆ ಕಾದು, ಆಮೇಲೆ ಹೊರಡುತ್ತಾನೆ.